ಮೊದಲ ಕ್ಯಾಮೆರಾ: ಕತ್ತಲೆ ಎಷ್ಟು, ದೂರ ಎಷ್ಟು?

ದಸರಾ, ದೀಪಾವಳಿ ಹತ್ತಿರವಾದರೆ ಸಾಕು, ಥಾಣೆಯಿಂದಲೋ ವೇಳಚೇರಿಯಿಂದಲೋ ಗುರುಗ್ರಾಮದಿಂದಲೋ ಈ ಅಂಕಣಕ್ಕೆ ಒಂದೇ ಪ್ರಶ್ನೆ ಬರುತ್ತದೆ: "50 ಸಾವಿರದೊಳಗೆ ಒಂದು ಒಳ್ಳೆ ಕ್ಯಾಮೆರಾ ಹೇಳಿ." ಮನೆ ಬಾಡಿಗೆ, ಮಕ್ಕಳ ಫೀಸು, ಊರಿಗೆ ಕಳಿಸುವ ದುಡ್ಡು ಎಲ್ಲ ಕಳೆದ ಮೇಲೆ ಅಷ್ಟನ್ನು ಉಳಿಸುವುದು ಎಷ್ಟು ಕಷ್ಟವೆಂದು ಕೇಳುವವರಿಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಥಟ್ಟನೆ ಒಂದು ಮಾಡೆಲ್ ಹೆಸರು ಹೇಳಿ ಕೈತೊಳೆದುಕೊಳ್ಳಲು ಮನಸ್ಸು ಬರುವುದಿಲ್ಲ.

ಎಷ್ಟೋ ಮೊದಲ ಕ್ಯಾಮೆರಾಗಳು ಕೆಟ್ಟು ಮೂಲೆ ಸೇರುವುದಿಲ್ಲ. ಚೆನ್ನಾಗಿರುವಾಗಲೇ ಬೀರು ಸೇರುತ್ತವೆ. ರಜೆಯಲ್ಲಿ ಊರಿಗೆ ಹೋಗಿ, ಒಂದೇ ಕಿಟಕಿಯ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿರುವ ಅಜ್ಜಿಯ ಚಿತ್ರ ತೆಗೆದರೆ ಮುಖ ಮಸುಕು, ಕೈ ಅಲುಗಿದ ಗೆರೆ. ಪಕ್ಕದಲ್ಲಿ ತಮ್ಮನ ಫೋನಿನಲ್ಲಿ ಅದೇ ಚಿತ್ರ ಸ್ವಚ್ಛ. ಎರಡು ಸಲ ಹೀಗಾದರೆ ಮೂರನೆಯ ಸಲ ಕ್ಯಾಮೆರಾ ಊರಿಗೆ ಬರುವುದೇ ಇಲ್ಲ. ವರ್ಷಕ್ಕೆ ಒಂದೋ ಎರಡೋ ಬಾರಿ ಊರು ಕಾಣುವ ನಮ್ಮಂಥವರಿಗೆ ಆ ಚಿತ್ರ ಮತ್ತೆ ಸಿಕ್ಕೀತೆಂಬ ಭರವಸೆ ಇಲ್ಲ.

ಆದ್ದರಿಂದ ಅಂಗಡಿಯ ಮೆಟ್ಟಿಲು ಹತ್ತುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ನೀವು ಚಿತ್ರ ತೆಗೆಯಬೇಕೆಂದಿರುವ ಜಾಗಗಳಲ್ಲಿ ಅತಿ ಕತ್ತಲೆಯದು ಯಾವುದು? ಅತಿ ದೂರದ್ದು ಯಾವುದು? ಇವೆರಡರ ಉತ್ತರ ಯಾವ ಲೆನ್ಸ್ ಬೇಕೆಂದು ಹೇಳುತ್ತದೆ. ಲೆನ್ಸ್ ಗೊತ್ತಾದರೆ ಯಾವ ಕ್ಯಾಮೆರಾ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ನಾವು ಸಾಮಾನ್ಯವಾಗಿ ಹೋಗುವುದು ಇದರ ತಿರುಗುಮುರುಗಾಗಿ.

ಕತ್ತಲೆಯ ಲೆಕ್ಕ

ಹೊಸ ಕ್ಯಾಮೆರಾದ ಜೊತೆ ಬರುವ 18–55 ಎಂಎಂ ಲೆನ್ಸನ್ನು ಅಂಗಡಿಯವರು ಕಿಟ್ ಲೆನ್ಸ್ ಎನ್ನುತ್ತಾರೆ. ಅದರ ಅಂಚಿನಲ್ಲಿ 3.5–5.6 ಎಂದು ಬರೆದಿರುತ್ತದೆ. ಇದು ಬೆಳಕು ಒಳಗೆ ಬರುವ ಕಿಂಡಿಯ ಅಳತೆ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 55 ಎಂಎಂಗೆ ಜೂಮ್ ಮಾಡಿದಾಗ ಕಿಂಡಿ 5.6ಕ್ಕೆ ಇಳಿದಿರುತ್ತದೆ. ಅದೇ ಜಾಗದಲ್ಲಿ 50 ಎಂಎಂ ಎಫ್ 1.8 ಲೆನ್ಸ್ ಹಾಕಿದರೆ 9 ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬರುತ್ತದೆ. ಕಿಟ್ ಲೆನ್ಸಿಗೆ ಸೆಕೆಂಡಿನ 1/10 ಭಾಗ ಬೇಕಾದಲ್ಲಿ ಇದಕ್ಕೆ ಸುಮಾರು 1/90 ಸಾಕು. ರೊಟ್ಟಿ ತಟ್ಟುವ ಕೈ ಮಸುಕಾಗುವುದಕ್ಕೂ ಆಗದಿರುವುದಕ್ಕೂ ಇಷ್ಟೇ ಅಂತರ. ಫೋನು ಗೆಲ್ಲುವುದೂ ಹೀಗೆಯೇ: ಅದರ ಕಿಂಡಿ ದೊಡ್ಡದು, ಜೊತೆಗೆ ಒಂದರ ಹಿಂದೊಂದು ಹಲವು ಚಿತ್ರ ತೆಗೆದು ಕೂಡಿಸಿ ಒಂದು ಮಾಡುವ ಲೆಕ್ಕಾಚಾರ ಅದರೊಳಗಿದೆ.

ಈ 50 ಎಂಎಂ ಲೆನ್ಸ್ ಕ್ಯಾನನ್‌ನಲ್ಲಿ ಹತ್ತು–ಹನ್ನೆರಡು ಸಾವಿರದ ಆಸುಪಾಸಿನದು. ಜೂಮ್ ಇಲ್ಲ, ನಾವೇ ಹಿಂದೆ ಮುಂದೆ ನಡೆಯಬೇಕು. ಮಹಾನಗರದ ಇಕ್ಕಟ್ಟಾದ ಕೋಣೆಗಳಲ್ಲಿ ಹಿಂದೆ ಸರಿಯಲು ಜಾಗ ಸಾಲದು ಎನ್ನುವವರಿಗೆ ನಿಕಾನ್‌ನ 35 ಎಂಎಂ ಎಫ್ 1.8 ಹೆಚ್ಚು ಒಗ್ಗುತ್ತದೆ.

ಇನ್ನು ಸೆನ್ಸರ್. ಸಣ್ಣ ಜೇಬಿನ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳದ್ದು ಸುಮಾರು 6.2×4.6 ಮಿ.ಮೀ. ನಿಕಾನ್, ಸೋನಿಗಳ ಎಪಿಎಸ್‌-ಸಿ ಸೆನ್ಸರ್ 23.5×15.6 ಮಿ.ಮೀ., ಅಂದರೆ ಸುಮಾರು 13 ಪಟ್ಟು ವಿಸ್ತಾರ. ಇಂದಿನ ಒಳ್ಳೆಯ ಫೋನುಗಳ ಮುಖ್ಯ ಸೆನ್ಸರ್ ಕೂಡ ಜೇಬಿನ ಕ್ಯಾಮೆರಾದ್ದಕ್ಕಿಂತ ದೊಡ್ಡದಿರುತ್ತದೆ. ಹಾಗಾಗಿ ಒಳ್ಳೆಯ ಫೋನ್ ಇರುವವರು ಕಡಿಮೆ ಬೆಲೆಯ ಜೇಬಿನ ಕ್ಯಾಮೆರಾ ಕೊಂಡರೆ ಹಣ ಕೊಟ್ಟು ಹಿಂದಕ್ಕೆ ಹೋದಂತೆ. ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 8×12 ಇಂಚಿನ ಉತ್ತಮ ಪ್ರಿಂಟಿಗೆ 9 ಮೆಗಾಪಿಕ್ಸೆಲ್ ಸಾಕು. ಈಗ ಆರಂಭಿಕರ ಕ್ಯಾಮೆರಾಗಳಲ್ಲೇ 24 ಇರುತ್ತದೆ.

ದೂರದ ಲೆಕ್ಕ

ಮುಂಬಯಿಯ ಶಿವಡಿಯ ಫ್ಲೆಮಿಂಗೊಗಳು, ಪುಣೆಯವರ ಭಿಗವಣ, ಚೆನ್ನೈನ ಪಳ್ಳಿಕರಣೈ, ದೆಹಲಿಯವರ ಓಖ್ಲಾ: ಭಾನುವಾರ ಬೆಳಿಗ್ಗೆ ಇಲ್ಲಿಗೆಲ್ಲ ಹೋಗುವ ಆಸೆಯಿದ್ದರೆ 55 ಎಂಎಂನಲ್ಲಿ ಹಕ್ಕಿ ಬರೀ ಚುಕ್ಕೆ. ಕನಿಷ್ಠ 250 ಅಥವಾ 300 ಎಂಎಂವರೆಗೆ ಹೋಗುವ ಜೂಮ್ ಲೆನ್ಸ್ ಬೇಕು. ಹಕ್ಕಿ ಬಿಟ್ಟು ಬೇರೇನೂ ಬೇಡ ಎನ್ನುವವರು ನಿಕಾನ್ ಪಿ950ಯಂಥ ಸೂಪರ್‌ಜೂಮ್ ನೋಡಬಹುದು. ಅದು 2000 ಎಂಎಂಗೆ ಸಮನಾದ ದೂರ ಮುಟ್ಟುತ್ತದೆ. ಆದರೆ ಅದರ ಸೆನ್ಸರ್ ಆ ಜೇಬಿನ ಕ್ಯಾಮೆರಾದ್ದೇ. ಬಿಸಿಲಿನಲ್ಲಿ ಶೂರ, ಮುಸ್ಸಂಜೆಯಲ್ಲಿ ಮಂಕು.

ಕತ್ತಲೆಯೂ ದೂರವೂ ಒಟ್ಟಿಗೆ ಬಂದರೆ ಖರ್ಚು ಏರುತ್ತದೆ. ಮಾಟುಂಗದ ಸಭಾಂಗಣದಲ್ಲಿ ಯಕ್ಷಗಾನ, ಕನ್ನಡ ಸಂಘದ ವೇದಿಕೆಯಲ್ಲಿ ಮಗಳ ಭರತನಾಟ್ಯ ಇದೇ ಜಾತಿಯವು. ಹಿಂದಿನ ಸಾಲಿನಿಂದ ಇದನ್ನು ಹಿಡಿಯುವ ಲೆನ್ಸ್ ನಿಮ್ಮ ಇಡೀ ಬಜೆಟ್ಟನ್ನು ನುಂಗಿ ಇನ್ನೂ ಕೇಳುತ್ತದೆ. ಇದಕ್ಕೆ ಅಗ್ಗದ ಉಪಾಯ ಒಂದೇ: ಸಂಘಟಕರಿಗೆ ಮೊದಲೇ ಹೇಳಿ ಮುಂದಿನ ಸಾಲಿನ ಪಕ್ಕದಲ್ಲಿ ಜಾಗ ಹಿಡಿಯಿರಿ, ಅದೇ 50 ಎಂಎಂ ಹಾಕಿ.

ಹಾಗಾದರೆ ಯಾವ ಕ್ಯಾಮೆರಾ?

ಹೊಸದೇ ಬೇಕು, 50 ಸಾವಿರ ದಾಟಬಾರದು ಎಂದರೆ ಕ್ಯಾನನ್ 1500ಡಿಯಂಥ ಡಿಎಸ್‌ಎಲ್‌ಆರ್ ಕಿಟ್ ಲೆನ್ಸ್ ಸಮೇತ 40 ಸಾವಿರದ ಆಸುಪಾಸಿಗೆ ಸಿಗುತ್ತದೆ. ಉಳಿದದ್ದರಲ್ಲಿ 50 ಎಂಎಂ ಲೆನ್ಸ್. 2018ರ ಈ ಮಾಡೆಲನ್ನು ಹಳೆಯದೆಂದು ಅಂಗಡಿಯವರು ಮೂಗು ಮುರಿಯಬಹುದು. ಕಂಪನಿಗಳ ಗಮನವೆಲ್ಲ ಈಗ ಮಿರರ್‌ಲೆಸ್ ಕಡೆಗಿರುವುದು ನಿಜ. ಆದರೆ ಅದರಿಂದಲೇ ಡಿಎಸ್‌ಎಲ್‌ಆರ್ ಲೆನ್ಸುಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಕಲಿಯುವವರಿಗೆ ಇದು ಲಾಭ.

ವಿಡಿಯೋ ಮುಖ್ಯವಾದರೆ, ಕೈ ಇನ್ನೂ ಸ್ವಲ್ಪ ಉದ್ದ ಚಾಚಬಹುದಾದರೆ ಮಿರರ್‌ಲೆಸ್‌ಗೇ ಹೋಗಿ. ಮುಖವನ್ನು, ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುವುದರಲ್ಲಿ ಇವು ಮುಂದೆ. ಆದರೆ ಸಣ್ಣ ಅಕ್ಷರ ಓದಿಕೊಳ್ಳಿ. ಸೋನಿ ಜೆಡ್‌ವಿ-ಇ10, ನಿಕಾನ್ ಜೆಡ್30ಗಳಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯೇ ಇಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಬರೀ ಪರದೆ ನೋಡಿ ಚಿತ್ರ ತೆಗೆಯುವುದು ಕಷ್ಟ. ಕ್ಯಾನನ್ ಆರ್100ರಲ್ಲಿ ಆ ಕಿಂಡಿ ಇದೆ, ಪರದೆ ಮುಟ್ಟಿ ಫೋಕಸ್ ಮಾಡುವ ಸೌಲಭ್ಯ ಇಲ್ಲ.

ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ

ಮುಂಬಯಿಯ ಫೋರ್ಟ್‌ನ ಬೋರಾ ಬಜಾರ್, ದೆಹಲಿಯ ಚಾಂದನಿ ಚೌಕದ ಕೂಚಾ ಚೌಧರಿ ಹೆಸರಾದ ಕ್ಯಾಮೆರಾ ಬೀದಿಗಳು. ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡ್ ಇರಲಿ, ಕೆಲಸ ಗೊತ್ತಿರುವ ಸ್ನೇಹಿತರಿದ್ದರೆ ಅವರೂ ಇರಲಿ.

ಮೊದಲು ಲೆನ್ಸನ್ನು ಬಿಚ್ಚಿ, ಫೋನಿನ ಟಾರ್ಚ್ ಹಿಡಿದು ಒಳಗೆ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಎಷ್ಟೇ ಅಗ್ಗವಾದರೂ ಬೇಡ. ಕಿಂಡಿಯನ್ನು ಎಫ್ 16ಕ್ಕೆ ಇಳಿಸಿ ಬಿಳಿ ಗೋಡೆಯ ಚಿತ್ರ ತೆಗೆದು ಹಿಗ್ಗಿಸಿ ನೋಡಿ, ಕಪ್ಪು ಮಚ್ಚೆ ಕಂಡರೆ ಸೆನ್ಸರ್ ಮೇಲೆ ಧೂಳಿದೆ. ಧೂಳಾದರೆ ಸ್ವಚ್ಛ ಮಾಡಿಸಬಹುದು, ಬೆಲೆ ಇಳಿಸಲು ಕಾರಣವೂ ಆಯಿತು. ನಿಕಾನ್ ಆದರೆ ಎಷ್ಟು ಚಿತ್ರ ತೆಗೆಯಲಾಗಿದೆ ಎಂಬ ಲೆಕ್ಕ ಚಿತ್ರದ ಫೈಲಿನಲ್ಲೇ ಸಿಗುತ್ತದೆ. ಮದುವೆ ಫೋಟೊಗ್ರಾಫರ್ ಕೈಯಲ್ಲಿ ದುಡಿದದ್ದೋ, ಮನೆಯಲ್ಲಿ ಸುಮ್ಮನೆ ಇದ್ದದ್ದೋ ಎಂದು ಅದೇ ಹೇಳುತ್ತದೆ. ಬಾಡಿ, ಡಬ್ಬ, ಬಿಲ್ ಮೂರರ ಮೇಲಿನ ಸೀರಿಯಲ್ ನಂಬರ್ ಒಂದೇ ಆಗಿರಲಿ.

ನಿಕಾನ್‌ನವರಿಗೆ ಒಂದು ಎಚ್ಚರಿಕೆ. ಡಿ3500, ಡಿ5600 ಬಾಡಿಗಳೊಳಗೆ ಫೋಕಸ್ ಮೋಟಾರ್ ಇಲ್ಲ. ಹಳೆಯ ಎಎಫ್ 50 ಎಂಎಂ 1.8ಡಿ ಲೆನ್ಸ್ ಅಗ್ಗವೆಂದು ತಂದರೆ ಕೈಯಿಂದಲೇ ತಿರುಗಿಸಿ ಫೋಕಸ್ ಮಾಡಬೇಕು. ಎಎಫ್‌-ಎಸ್ ಎಂದು ಬರೆದದ್ದನ್ನೇ ಕೇಳಿ.

ಬಿಲ್ ಬೇಡವಾದರೆ ಇಷ್ಟು ಕಡಿಮೆ ಎಂದು ಹೊಸ ಕ್ಯಾಮೆರಾಕ್ಕೂ ಹೇಳುವವರಿದ್ದಾರೆ. 2019ರ ಜನವರಿಯಲ್ಲಿ ಡಿಜಿಟಲ್ ಕ್ಯಾಮೆರಾಗಳ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿಯಿತು. ಆ 18ರ ಆಸೆಗೆ ಬಿಲ್ ಬಿಟ್ಟರೆ ಕಂಪನಿಯ ಭಾರತದ ವಾರಂಟಿಯನ್ನೂ ಬಿಟ್ಟಂತೆ.

ತಂದ ಮೇಲೆ

ಮುಂಬಯಿ, ಚೆನ್ನೈನ ತೇವದ ಗಾಳಿಯಲ್ಲಿ ಬೀರುವಿನೊಳಗಿನ ಕ್ಯಾಮೆರಾ ಬ್ಯಾಗೇ ಫಂಗಸ್ಸಿನ ತವರುಮನೆ. ಅಡುಗೆಮನೆಯ ಗಾಳಿಯಾಡದ ದೊಡ್ಡ ಡಬ್ಬವೊಂದನ್ನು ಕ್ಯಾಮೆರಾಕ್ಕೆ ಬಿಟ್ಟುಕೊಡಿ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಇಡಿ. ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅದಕ್ಕಿಂತ ಒಳ್ಳೆಯ ಔಷಧ, ವಾರಕ್ಕೊಮ್ಮೆಯಾದರೂ ಕ್ಯಾಮೆರಾವನ್ನು ಹೊರಗೆ ತೆಗೆದು ಬಳಸುವುದು.

ಇಷ್ಟೆಲ್ಲ ಓದಿದ ಮೇಲೂ ಮನಸ್ಸು ಹೊಯ್ದಾಡುತ್ತಿದ್ದರೆ ಕೊಳ್ಳಲೇಬೇಡಿ, ಮೊದಲು ಬಾಡಿಗೆಗೆ ತನ್ನಿ. ಮಹಾನಗರದಲ್ಲಿ ಇರುವುದರ ಒಂದು ಸುಖ ಇದು: ಗುರುತಿನ ಚೀಟಿ, ಒಂದಷ್ಟು ಠೇವಣಿ ಕೊಟ್ಟರೆ ಶನಿವಾರ–ಭಾನುವಾರಕ್ಕೆ ಬಾಡಿ ಮತ್ತು 50 ಎಂಎಂ ಲೆನ್ಸ್ ಕೊಡುವ ಅಂಗಡಿಗಳಿವೆ. ರಾತ್ರಿ ಮನೆಯಲ್ಲಿ ಒಂದೇ ಬಲ್ಬ್ ಹಚ್ಚಿ, ಅಡುಗೆ ಮಾಡುತ್ತಿರುವವರ ಚಿತ್ರ ತೆಗೆಯಿರಿ. ಅದೇ ಚಿತ್ರವನ್ನು ಫೋನಿನಲ್ಲೂ ತೆಗೆಯಿರಿ. ಎರಡನ್ನೂ 8×12 ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿ ಒಂದು ವಾರ ನೋಡಿ. ವ್ಯತ್ಯಾಸ ಕಾಣದಿದ್ದರೆ ನಿಮ್ಮ 50 ಸಾವಿರ ಉಳಿಯಿತು, ಆ ದುಡ್ಡಿನಲ್ಲಿ ಊರಿಗೆ ಇನ್ನೊಂದು ಸಲ ಹೋಗಿ ಬನ್ನಿ. ಕಂಡರೆ, ಯಾವ ಲೆನ್ಸ್ ಕೊಳ್ಳಬೇಕೆಂದು ಆಗಲೇ ನಿಮಗೆ ಗೊತ್ತಾಗಿರುತ್ತದೆ.