ನೀರು ಆರುತ್ತದೆ, ಉಪ್ಪು ಉಳಿಯುತ್ತದೆ

ಮಕ್ಕಳೇ, ಹವಳ ಎಂದರೆ ಏನು? ಅಜ್ಜ-ಅಜ್ಜಿಯನ್ನು ಕೇಳಿದರೆ ಉಂಗುರದ ಕೆಂಪು ಹರಳು ತೋರಿಸಬಹುದು. ಆದರೆ ಹವಳ ಸಮುದ್ರದಲ್ಲಿ ಬದುಕುವ ಪ್ರಾಣಿ. ಅದರಲ್ಲಿ ಕಲ್ಲಿನ ಗೂಡು ಕಟ್ಟದ ಮೆದು ಹವಳ ಎಂಬುದೊಂದು ಬಗೆ. ಅದರ ಮೈತುಂಬ ಹೂವಿನಂಥ ಪುಟ್ಟ ಜೀವಿಗಳು. ಒಂದೊಂದಕ್ಕೂ 8 ಎಳೆ.

ಸಮುದ್ರದಿಂದ ಬಲು ದೂರದ ನಮ್ಮ ರಾಯಚೂರಿನಲ್ಲೂ ನೆರೆಮನೆಯ ಹುಡುಗನೊಬ್ಬ 60 ಲೀಟರಿನ ಗಾಜಿನ ತೊಟ್ಟಿಯಲ್ಲಿ ಅಣಬೆಯಾಕಾರದ ಮೆದು ಹವಳ ಸಾಕಿದ್ದಾನೆ. ಮೇ ತಿಂಗಳಲ್ಲಿ ಅದು ಮುದುಡಿಕೊಂಡಿತು. ರಜೆಗೆ ದೇವದುರ್ಗದ ಅಜ್ಜಿ ಮನೆಗೆ ಹೊರಟಿದ್ದವನು ಚೀಲ ಕೆಳಗಿಟ್ಟು ಓಡಿ ಬಂದ. "ಮುತ್ಯಾ, ಹವಳ ಸಾಯಾಕತ್ತದ. ಔಷಧ ಹಾಕಲೇನು?"

"ತಡಿಯೋ, ಮೊದಲು ನೋಡೋಣು" ಎಂದೆ.

ಈ ಹವಳ ಮುದುಡಿದ ಮಾತ್ರಕ್ಕೆ ರೋಗವೆನ್ನಲಾಗದು. ಹಾವಿನಂತೆ ಇದೂ ಆಗಾಗ ಪೊರೆ ಬಿಡುತ್ತದೆ. ಆಗ ಮೈಮೇಲೆ ಮೇಣದಂಥ ಹೊಳಪು ಬರುತ್ತದೆ. ಕೆಲವು ದಿನಗಳಲ್ಲಿ ಪೊರೆ ಕಳಚಿ ಮತ್ತೆ ಅರಳುತ್ತದೆ. ಮೈ ಕರಗಿ, ಕಪ್ಪು ಕಲೆ ಬಿದ್ದು, ಕೆಟ್ಟ ವಾಸನೆ ಬಂದರೆ ಅದು ಕೊಳೆತ. ಇವನ ಹವಳಕ್ಕೆ ಹೊಳಪೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ಹಾಗಾದರೆ ನೀರನ್ನೇ ಕೇಳಬೇಕು.

ಹವಳಕ್ಕೆ 24ರಿಂದ 27 ಡಿಗ್ರಿ ಹಿತ. ನಮ್ಮೂರ ಬಿಸಿಲೋ 40 ದಾಟುತ್ತದೆ. ಅದಕ್ಕೇ ಹುಡುಗ ನೀರಿನ ಮೇಲೆ ಸಣ್ಣ ಫ್ಯಾನ್ ಇಟ್ಟಿದ್ದ. ನೀರು 27 ಡಿಗ್ರಿಯಲ್ಲೇ ಇತ್ತು. ಆದರೆ ಉಪ್ಪು ಅಳೆಯುವ ಮಾಪಕ 1.025ರ ಬದಲು 1.029 ತೋರಿಸಿತು!

ಅಲ್ಲೇ ಕುಳಿತಿದ್ದ ಮಾನ್ವಿಯ ನಮ್ಮ ಬೀಗರು ಭತ್ತ ಬೆಳೆಯುವವರು. "ಇದು ನಮ್ಮ ಸವಳು ಹೊಲದ ಕಥಿನೇ ಅಲ್ಲೇನ್ರಿ? ನೀರು ಆರ್ತದ, ಉಪ್ಪು ಮ್ಯಾಲೆ ಉಳೀತದ" ಎಂದರು. ತುಂಗಭದ್ರಾ ಕಾಲುವೆಯ ನೀರು ನಿಂತು ಸವಳಾದ ಹೊಲಗಳನ್ನು ಕಂಡವರ ಮಾತು ಅದು.

ಮಡಿಕೆಯ ನೀರು ತಣ್ಣಗಾಗುವುದು ಹೊರಮೈಯಿಂದ ನೀರು ಆವಿಯಾಗುವುದರಿಂದ. ಫ್ಯಾನ್ ಮಾಡಿದ್ದೂ ಅದನ್ನೇ. ಆವಿಯಾಗಿ ಹೋಗುವುದು ಬರೀ ನೀರು. "ಸಮುದ್ರದ ಜೀವ ಅಲ್ಲೇನು?" ಎಂದು ಹುಡುಗ ದಿನವೂ ಉಪ್ಪುನೀರನ್ನೇ ತುಂಬಿಸುತ್ತಿದ್ದ. ಉಪ್ಪಿನ ಮೇಲೆ ಉಪ್ಪು ಕೂಡಿತ್ತು.

ಒಮ್ಮೆಲೇ ಸಿಹಿನೀರು ಸುರಿದರೆ ಹವಳಕ್ಕೆ ಆಘಾತ. ದಿನಕ್ಕೆ 2 ಲೀಟರ್ ಉಪ್ಪುನೀರು ತೆಗೆದು, 2 ಲೀಟರ್ ಆರ್‌ಒ ನೀರು ನಿಧಾನವಾಗಿ ಹಾಕಿದೆವು. ಬೋರ್‌ವೆಲ್ ನೀರು ಬೇಡ, ಅದರಲ್ಲಿ ಲವಣಗಳಿರುತ್ತವೆ. ನಾಲ್ಕು ದಿನಕ್ಕೆ ಮಾಪಕ 1.025ಕ್ಕೆ ಇಳಿಯಿತು. ವಾರ ಕಳೆಯುವಷ್ಟರಲ್ಲಿ ಅಂಚಿನ ಎಳೆಗಳು ಅರಳಿದವು. ಔಷಧದ ಒಂದು ಹನಿಯೂ ಬೇಕಾಗಲಿಲ್ಲ. ಗಾಜಿಗೆ ಗೆರೆ ಎಳೆದು, "ನೀರು ಇದಕ್ಕಿಂತ ಇಳಿದಷ್ಟೂ ಸಿಹಿನೀರು ಹಾಕು ಮುತ್ಯಾ" ಎಂದು ನನಗೆ ಒಪ್ಪಿಸಿ ಹುಡುಗ ದೇವದುರ್ಗದ ಬಸ್ಸು ಹತ್ತಿದ.

ಎರಡು ಎಚ್ಚರಿಕೆ. ಕೊಳೆತ ಭಾಗವಿದ್ದರೆ ದೊಡ್ಡವರೇ ಕೈಗವಸು ಹಾಕಿ, ಶುಚಿಯಾದ ಬ್ಲೇಡಿನಿಂದ ಕತ್ತರಿಸಿ ತೆಗೆಯಬೇಕು. ತೊಟ್ಟಿಯಲ್ಲಿ ಸಾಕುವ ಹವಳದಂಥ ಕೆಲವು ಜೀವಿಗಳಲ್ಲಿ ಕಡುವಿಷವಿದೆ. ಇನ್ನು, ಮುರುಡೇಶ್ವರದ ಬಳಿಯ ನೇತ್ರಾಣಿಗೆ ಹೋದಾಗ ಹವಳ ಮುರಿದು ತರಬೇಡಿ. ಕಲ್ಲು ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ಈ ವಾರ ನಿಮಗೊಂದು ಕೆಲಸ: ಒಂದು ತಟ್ಟೆಯಲ್ಲಿ ಉಪ್ಪುನೀರು ಹಾಕಿ ಮಾಳಿಗೆಯ ಬಿಸಿಲಿಗಿಡಿ. ಸಂಜೆ ಅಜ್ಜಿಯನ್ನು ಕರೆದುಕೊಂಡು ಹೋಗಿ ನೋಡಿ. ತಟ್ಟೆಯಲ್ಲಿ ಏನು ಉಳಿದಿದೆ?