ಆಮ್ಲಜನಕವೂ ನಿಂಬೆರಸವೂ

2021ರ ಯುಗಾದಿ ಕಳೆದ ವಾರಗಳಲ್ಲಿ, ಕೊರೋನಾದ ಎರಡನೆಯ ಅಲೆಯು ನಾಡನ್ನೆಲ್ಲ ಆವರಿಸಿದ್ದಾಗ, ಮೂಗಿನ ಹೊಳ್ಳೆಗಳಿಗೆ ನಿಂಬೆರಸದ ಹನಿಗಳನ್ನು ಬಿಟ್ಟುಕೊಂಡರೆ ದೇಹದಲ್ಲಿ ಆಮ್ಲಜನಕದ ಪ್ರಮಾಣವು ಏರುವುದೆಂಬ ಸಂದೇಶವೊಂದು ವಾಟ್ಸಾಪಿನ ಮಾರ್ಗವಾಗಿ ಮನೆಯಿಂದ ಮನೆಗೆ ಸಂಚರಿಸಿತು. ನಿಂಬೆಯ ಹುಳಿಯು ಮೂಗಿನ ಒಳಪೊರೆಯನ್ನು ಉರಿಸಬಲ್ಲುದೇ ಹೊರತು ಶ್ವಾಸಕೋಶದ ಗಾಳಿಚೀಲಗಳಲ್ಲಿ ನಡೆಯುವ ವಾಯುವಿನಿಮಯವನ್ನು ಕಿಂಚಿತ್ತೂ ಹೆಚ್ಚಿಸಲಾರದೆಂಬುದು ಪ್ರೌಢಶಾಲೆಯ ವಿಜ್ಞಾನಪಾಠದಿಂದಲೇ ಊಹಿಸಬಹುದಾದ ಸಂಗತಿ. ಆದರೂ ಅದನ್ನು ನಂಬಿದವರಲ್ಲಿ ಆ ಪಾಠವನ್ನು ಓದಿದವರೂ ಇದ್ದರು.

ಇದನ್ನು ಮೌಢ್ಯವೆಂದು ಹಳಿದು ಕೈತೊಳೆದುಕೊಳ್ಳುವ ವಿದ್ಯಾವಂತರ ಧಾಟಿ ನನಗೆ ಸಮ್ಮತವಲ್ಲ. ಅದೇ ವರ್ಷದ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಅಭಾವವುಂಟಾಗಿ 24 ಮಂದಿ ಅಸುನೀಗಿದರೆಂಬುದನ್ನು ನೆನೆದರೆ, ಸಿಲಿಂಡರಿಗಾಗಿ ಅಲೆದಲೆದು ಬರಿಗೈಯಲ್ಲಿ ಮರಳಿದವನು ಅಡುಗೆಮನೆಯ ಬುಟ್ಟಿಯಲ್ಲಿದ್ದ ಹಣ್ಣಿನ ಕಡೆಗೆ ಕೈಚಾಚಿದುದರಲ್ಲಿ ಆಶ್ಚರ್ಯವೇನಿದೆ? ಆಸ್ಪತ್ರೆಯು ಉತ್ತರ ಕೊಡಲಾಗದ ಪ್ರಶ್ನೆಗೆ ವದಂತಿಯು ಉತ್ತರ ಕೊಟ್ಟಿತು.

ಸುಳ್ಳು ಮದ್ದಿನ ಈ ವ್ಯಾಧಿಯಂತೂ ಹಳೆಯದೇ. ಮಧುಮೇಹವನ್ನೂ ಅರ್ಬುದವನ್ನೂ ಗುಣಪಡಿಸುವೆವೆಂಬ ಜಾಹೀರಾತುಗಳನ್ನು ತಡೆಯಲು 1954ರಲ್ಲಿಯೇ ಶಾಸನವಾಯಿತು; ಅಂಥವನ್ನು ಅಚ್ಚುಹಾಕಿದ ನಮ್ಮ ಪತ್ರಿಕೆಗಳೇನೂ ನಿಷ್ಪಾಪಿಗಳಲ್ಲ. ಆದರೆ ಜಾಹೀರಾತು ಅಪರಿಚಿತನ ಮಾತಾದರೆ, ಕುಟುಂಬದ ಗ್ರೂಪಿಗೆ ಬಂದ ಫಾರ್ವರ್ಡ್ ಸೋದರಮಾವನ ಮಾತು. ಅದನ್ನು ಸಂಶಯಿಸುವುದೆಂದರೆ ಸಂಬಂಧವನ್ನೇ ಸಂಶಯಿಸಿದಂತೆ. ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ರವಾನಿಸಲಾಗದಂತೆ 2018ರಲ್ಲಿ ವಾಟ್ಸಾಪ್ ಭಾರತದಲ್ಲಿ ವಿಧಿಸಿದ ಮಿತಿಯು ವೇಗವನ್ನು ತಗ್ಗಿಸೀತು. ಮಾವನ ಮೇಲಿನ ವಿಶ್ವಾಸವನ್ನು ತಗ್ಗಿಸದು, ತಗ್ಗಿಸಬೇಕಾದುದೂ ಇಲ್ಲ.

ಆದುದರಿಂದ ಡಿಜಿಟಲ್ ಸಾಕ್ಷರತೆಯೆಂದರೆ ಎಲ್ಲವನ್ನೂ ಶಂಕಿಸುವ ಅಭ್ಯಾಸವೆಂಬ ಪಾಠ ಅಪೂರ್ಣವಾದುದು. ಶಂಕೆಯನ್ನು ಯಾರ ಬಳಿ ಪರಿಹರಿಸಿಕೊಳ್ಳಬೇಕೆಂಬುದು ತಿಳಿಯದವನಿಗೆ ಶಂಕೆಯಿಂದ ಭಯವೇ ಹೆಚ್ಚುವುದು. 2017ರ ಫೆಬ್ರುವರಿಯಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕುವ ಅಭಿಯಾನವು ನಮ್ಮ ರಾಜ್ಯದಲ್ಲಿ ತೊಡಗಿದಾಗ, ಲಸಿಕೆಯೇ ಅಪಾಯಕರವೆಂಬ ಸಂದೇಶಗಳು ಹಬ್ಬಿ ಹೆತ್ತವರು ಹಿಂಜರಿದರು. ಮಗುವಿಗೆ ಅಲ್ಪ ಜ್ವರವಾಗಿ ಹೋಗುವ ರುಬೆಲ್ಲಾ, ಗರ್ಭಿಣಿಗೆ ತಗುಲಿದರೆ ಹುಟ್ಟುವ ಶಿಶುವಿಗೆ ಕಿವುಡುತನ, ಕಣ್ಣಿನ ಪೊರೆ, ಹೃದಯದೋಷಗಳನ್ನು ತರಬಲ್ಲುದೆಂಬುದನ್ನು ಆ ತಾಯಂದಿರಿಗೆ ಅವರ ಆಡುಮಾತಿನಲ್ಲಿ ಬಿಡಿಸಿ ಹೇಳಲು ಇಲಾಖೆಯ ಪ್ರಕಟಣೆಗಿಂತ ಊರಿನ ಆಶಾ ಕಾರ್ಯಕರ್ತೆಯೇ ಸಮರ್ಥಳು.

ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಆಶಾ ಕಾರ್ಯಕರ್ತೆಯರೂ ತಮ್ಮದೇ ಧ್ವನಿಯಲ್ಲಿ, ವದಂತಿ ಹುಟ್ಟಿದ ದಿನವೇ, ಊರಿನ ಗ್ರೂಪುಗಳಿಗೆ ಉತ್ತರ ಕಳಿಸುವಂತಾಗಬೇಕು. ಈ ದುಡಿಮೆಗೆ ಆಶಾ ಕಾರ್ಯಕರ್ತೆಯರಿಗೆ ಪ್ರತ್ಯೇಕ ಸಂಭಾವನೆಯೂ ಸಲ್ಲಬೇಕು; ಈಗಿರುವ ಗೌರವಧನಕ್ಕಾಗಿಯೇ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತವರ ಮೇಲೆ ಮತ್ತೊಂದು ಭಾರವನ್ನು ಬಿಟ್ಟಿಯಾಗಿ ಹೊರಿಸುವುದು ನ್ಯಾಯವಲ್ಲ.