ಚೆಂಡು ಕಂಡಿತು, ಹುಲ್ಲು ಸತ್ತಿತು

ಟೆಕ್ಸಾಸ್‌ನ ಹ್ಯೂಸ್ಟನ್ ನಗರದಲ್ಲಿ ಸೆಕೆಯೂ ಹೆಚ್ಚು, ಸೊಳ್ಳೆಯೂ ಹೆಚ್ಚು. ವಕೀಲರೂ ಮಾಜಿ ಮೇಯರರೂ ಆಗಿದ್ದ ರಾಯ್ ಹಾಫ್‌ಹೈನ್ಜ್ ಅವರ ಮುಂದಾಳ್ತನದಲ್ಲಿ 1965ರಲ್ಲಿ ಅಲ್ಲಿ ಛಾವಣಿಯುಳ್ಳ ಬೇಸ್‌ಬಾಲ್ ಕ್ರೀಡಾಂಗಣ ‘ಆಸ್ಟ್ರೋಡೋಮ್’ ತೆರೆಯಿತು. ಒಳಗೆ ನಿಜವಾದ ಹುಲ್ಲು. ಅದಕ್ಕೆ ಬಿಸಿಲು ಬೀಳಲೆಂದು ಛಾವಣಿಗೆ ಪಾರದರ್ಶಕ ಪ್ಲಾಸ್ಟಿಕ್ ಫಲಕಗಳು. ಆದರೆ ಆ ಪ್ರಖರ ಬೆಳಕಿನಲ್ಲಿ ಮೇಲೆದ್ದ ಚೆಂಡು ಆಟಗಾರರಿಗೆ ಕಾಣಿಸದು! ಫಲಕಗಳಿಗೆ ಬಣ್ಣ ಬಳಿದರು. ಚೆಂಡು ಕಂಡಿತು, ಹುಲ್ಲು ಸತ್ತಿತು. ಬೆಳಕಿಲ್ಲದೆ ದ್ಯುತಿಸಂಶ್ಲೇಷಣೆ ನಡೆಯುವುದಾದರೂ ಹೇಗೆ? ಸತ್ತ ಹುಲ್ಲಿಗೂ ಹಸಿರು ಬಣ್ಣ ಬಳಿದು ಆ ವರ್ಷ ದಾಟಿಸಿದರು. 1966ರಲ್ಲಿ ನೈಲಾನ್ ಹುಲ್ಲು ಹಾಸಿದರು, ಅದೇ ‘ಆಸ್ಟ್ರೋಟರ್ಫ್’.

ಮುಂದೆ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿಯೂ ಕೃತಕ ಹುಲ್ಲಿಗೆ ಬಂತು. ನಿಜವಾದ ಹುಲ್ಲಿನ ಮೇಲೆ ಪಳಗಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕಿಳಿಯಿತು. ಒಂದು ತೊಡಕಿಗೆ ಬಳಿದ ಬಣ್ಣ ಎಷ್ಟು ದೂರ ಹರಡಿತು, ನೋಡಿ!